ಹನ್ನೆರಡನೆಯ ಕುಳಿ

"ಹನ್ನೊಂದು," ಎಂದ ಚೆನ್ನಯ, ನೋಟ್‌ಬುಕ್ಕಿನಲ್ಲಿ ಎಳೆದ ಗೀಟುಗಳನ್ನು ಪೆನ್ಸಿಲ್ ತುದಿಯಿಂದ ಮತ್ತೊಮ್ಮೆ ಮುಟ್ಟುತ್ತ.

ಫೋರ್‌ಮನ್ ವೆಂಕಟಸುಬ್ಬಯ್ಯನವರೂ ಹನ್ನೊಂದನ್ನೇ ಎಣಿಸಿದ್ದರು. ಬಂಡೆಗೆ ಕೊರೆದ ಕುಳಿಗಳು ಹನ್ನೆರಡು. ಒಂದೊಂದರಲ್ಲೂ ಮೂರು ಜಿಲೆಟಿನ್ ಕಡ್ಡಿ. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಕತ್ತರಿಸಿದ್ದರಿಂದ ಸದ್ದುಗಳು ಸಾಲಾಗಿ ಬರಬೇಕಿತ್ತು. ಕೊನೆಯದು ಬರಲಿಲ್ಲ. ಧೂಳು ಮಾತ್ರ ಪವಾಯಿ ಕೆರೆಯ ಕಡೆಗೆ ವಾಲಿಕೊಂಡು ಹೋಗುತ್ತಿತ್ತು.

"ಎರಡು ಒಟ್ಟಿಗೇ ಸಿಡಿದಿರಬಹುದಲ್ವಾ ಸರ್?"

"ಇರಬಹುದು ಅಂದ್ಕೊಂಡು ಹತ್ರ ಹೋದೋರ ಹೆಣ ನಾನು ಹೊತ್ತಿದೀನಿ ಕಣಪ್ಪ. ಕಲ್ಲಿದ್ದಲಾಗ್ಲಿ, ಚಿನ್ನವಾಗ್ಲಿ, ಈ ಜಲ್ಲಿಕಲ್ಲಾಗ್ಲಿ, ಸದ್ದು ಒಂದು ಕಮ್ಮಿ ಆಯ್ತೋ, ಅರ್ಧ ಗಂಟೆ ಯಾರೂ ಕದಲಬಾರದು. ಬರ್ಕೋ."

ಚೆನ್ನಯ ಬರೆದುಕೊಂಡ. ಗ್ರಾಂಟ್ ರೋಡಿನ ಹೋಟೆಲೊಂದರ ಅಡುಗೆಯವರ ಮಗ ಅವನು. ಗಣಿ ಡಿಪ್ಲೊಮಾ ಓದುತ್ತಿದ್ದ. ಮುಂದಿನ ತಿಂಗಳು ಧನಬಾದಿನ ಕಲ್ಲಿದ್ದಲು ಗಣಿಗೆ ತರಬೇತಿಗೆ ಹೋಗುವ ಮೊದಲು ಸಿಡಿತದ ಕೆಲಸ ಕಣ್ಣಾರೆ ನೋಡಿಕೊಳ್ಳಲೆಂದು ವಾರಕ್ಕೆರಡು ಸಲ ಈ ಕ್ವಾರಿಗೆ ಬರುತ್ತಿದ್ದ. ಕೋಲಾರದ ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದು ಬಂದ ವೆಂಕಟಸುಬ್ಬಯ್ಯನವರಿಗೆ ಹೇಳಿಕೊಡುವುದೆಂದರೆ ಇಷ್ಟ. ಆದರೆ ಈಗ ಅವರ ಕಣ್ಣು ಹುಡುಗನ ಮೇಲಿರಲಿಲ್ಲ. ಕೆಂಪು ಬಾವುಟದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬೀಡಿ ಹಚ್ಚದೆ ಬರಿದೇ ಬೆರಳಲ್ಲಿ ತಿರುಗಿಸುತ್ತಿದ್ದ ಐತನ ಮೇಲಿತ್ತು. ಕುಳಿಗಳಿಗೆ ಮದ್ದು ತುಂಬಿದವನು ಅವನೇ.

ಆ ತಿಂಗಳಲ್ಲಿ ಮೂರು ಸಲ ಕೆರೆಯಲ್ಲಿ ಮೀನು ಹೊಟ್ಟೆಯೊಡೆದು ತೇಲಿತ್ತು. ಯಾರೋ ನೀರಿಗೆ ಜಿಲೆಟಿನ್ ಎಸೆದು ಮೀನು ಹಿಡಿಯುತ್ತಿದ್ದರು. ಕೆರೆಯ ಕಾವಲುಗಾರ ದಡದಲ್ಲಿ ಸಿಕ್ಕ ಮೇಣದ ಕಾಗದದ ಚೂರು ತಂದು ತೋರಿಸಿದ್ದ. ಅದು ಕಡ್ಡಿಗೆ ಸುತ್ತುವ ಕಾಗದ. ಸುತ್ತಮುತ್ತ ಜಿಲೆಟಿನ್ ಇದ್ದದ್ದು ಈ ಕ್ವಾರಿಯಲ್ಲೊಂದೇ. ಅದನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ವೆಂಕಟಸುಬ್ಬಯ್ಯನವರ ಹತ್ತಿರ, ಲೈಸೆನ್ಸ್ ಇದ್ದದ್ದು ಅವರ ಹೆಸರಿನಲ್ಲಿ. ಸೋಮವಾರ ಮದ್ದಿನ ಲೆಕ್ಕ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಕಳ್ಳ ಸಿಗದಿದ್ದರೆ ಲೈಸೆನ್ಸ್ ಹೋಗುತ್ತದೆ. ಐವತ್ತಮೂರರ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ.

ಪೆಟ್ಟಿಗೆಯಿಂದ ಕಡ್ಡಿ ಕಳವಾಗಿರಲಿಲ್ಲ. ಹಾಗಾದರೆ ಕಳವು ಆಗುತ್ತಿದ್ದದ್ದು ಪೆಟ್ಟಿಗೆಗೂ ಕುಳಿಗೂ ನಡುವೆ. ಅಲ್ಲಿ ಕೈಯಾಡಿಸುವವನು ಐತನೊಬ್ಬನೇ. ಅವನ ಗುಡಿಸಲು ಇದ್ದದ್ದು ಕೆರೆಯಂಚಿನಲ್ಲಿ. ವಾರಕ್ಕೆ ಮೂರು ದಿನ ಅಲ್ಲಿ ಮೀನು ಬೇಯುತ್ತಿತ್ತು. ಮಂಗಳೂರ ಕಡೆಯವನ ಮನೆಯಲ್ಲಿ ಮೀನು ಬೇಯುವುದು ಸಾಕ್ಷಿಯಲ್ಲವೆಂದು ಗೊತ್ತಿದ್ದೂ ವೆಂಕಟಸುಬ್ಬಯ್ಯನವರು ಆ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿದ್ದರು.

ಹುಣಸೆ ಮರದ ಕೆಳಗೆ ಬುಟ್ಟಿ ಬೋರಲು ಹಾಕಿಕೊಂಡು ಕೂತಿದ್ದ ಕಲ್ಲು ಹೊರುವ ಹೆಂಗಸರ ನಡುವಿನಿಂದ ದಾನವ್ವ ಕೂಗಿದಳು. "ಯಪ್ಪಾ, ಎಷ್ಟೊತ್ತು ಹಿಂಗ ಕುಂದ್ರೂದು? ಕೂಸು ಮನ್ಯಾಗ ಅಳಾಕತ್ತಿರ್ತೈತಿ."

"ಕೂತ್ಕೊಳಮ್ಮ. ಅವಸರ ಮಾಡಬೇಡ."

"ಐತಣ್ಣಗ ಮದ್ದು ತುಂಬೂದು ಮರ್ತಿತ್ತೇನು? ರಾತ್ರಿ ಮೀನಿನ ಕನಸು ಕಂಡಿರಬೇಕು."

ಹೆಂಗಸರು ನಕ್ಕರು. ಐತನೂ ನಕ್ಕ. ಆ ನಗು ವೆಂಕಟಸುಬ್ಬಯ್ಯನವರಿಗೆ ಸರಿಬರಲಿಲ್ಲ.

ಗಡಿಯಾರ ನೋಡಿ ಅರ್ಧ ಗಂಟೆಯ ಮೇಲೆ ಐದು ನಿಮಿಷ ಕಳೆದ ನಂತರ ಅವರು, ಚೆನ್ನಯ, ಐತ ಮೂವರೂ ಬಂಡೆಯ ಬುಡಕ್ಕೆ ಹೋದರು. ಹನ್ನೊಂದು ಕಡೆ ಕರಿಕಲ್ಲು ಬಿರಿದು ಬಿದ್ದಿತ್ತು. ಎಡತುದಿಯಲ್ಲಿ, ನೀರು ಜಿನುಗುವ ಜಾಗದಲ್ಲಿ, ಆಳೆತ್ತರದ ಕಲ್ಲು ಹಾಗೇ ನಿಂತಿತ್ತು. ಅದರಲ್ಲಿ ಹನ್ನೆರಡನೆಯ ಕುಳಿ. ಬಾಯಿಗೆ ಮೆತ್ತಿದ ಮಣ್ಣು ಕದಲಿರಲಿಲ್ಲ. ಸುಟ್ಟು ಕಪ್ಪಾದ ಬತ್ತಿಯ ತುದಿ ಹೊರಗೆ ಇಣುಕುತ್ತಿತ್ತು.

"ಇದನ್ನ ಏನು ಮಾಡಬೇಕು ಹೇಳು," ಎಂದರು ಚೆನ್ನಯನಿಗೆ.

"ಮುಟ್ಟಬಾರದು. ಮಣ್ಣು ತೆಗೀಬಾರದು. ಒಂದಡಿ ದೂರದಲ್ಲಿ ಇನ್ನೊಂದು ಕುಳಿ ಕೊರೆದು ಮದ್ದು ಹಾಕಿ ಇದನ್ನೂ ಒಡೀಬೇಕು."

"ಸರಿ." ಅವರ ನೋಟ ಬತ್ತಿಯ ಮೇಲೇ ಇತ್ತು. ಬತ್ತಿಯನ್ನಷ್ಟೇ ಇಟ್ಟು ಮಣ್ಣು ಮೆತ್ತಿದ್ದರೂ ಹೊರಗಿನಿಂದ ಹೀಗೇ ಕಾಣುತ್ತದೆ. ಪಕ್ಕದಲ್ಲಿ ಕೊರೆದು ಸಿಡಿಸಿದರೆ ಎಲ್ಲ ಪುಡಿಯಾಗುತ್ತದೆ. ಪುಡಿಯಲ್ಲಿ ಏನಾದರೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಒಳಗೆ ಕಡ್ಡಿ ಇತ್ತೋ ಇಲ್ಲವೋ ಹೇಳಲಾಗದು. ನಿಯಮವೇ ಕಳ್ಳನ ಪಕ್ಷ ವಹಿಸಿದಂತಿತ್ತು.

"ಆ ತಾಮ್ರದ ಸಲಾಕೆ ಕೊಡು," ಎಂದರು.

ಚೆನ್ನಯ ಕೊಡಲಿಲ್ಲ. ಅವರೇ ಬಗ್ಗಿ ಎತ್ತಿಕೊಂಡರು.

ಐತ ಮುಂದೆ ಬಂದು ಕುಳಿಗೆ ಬೆನ್ನು ಕೊಟ್ಟು ನಿಂತ. "ಎಂತ ಮಾಡ್ತೀರಿ ಸಾಹೇಬ್ರೆ?"

"ಒಳಗೇನಿದೆ ನೋಡ್ತೀನಿ. ಪಕ್ಕಕ್ಕೆ ಹೋಗು."

"ಒಳಗೆ ಮೂರು ಉಂಟು. ನಾನೇ ಇಟ್ಟದ್ದು. ನೀರು ಇಳಿದು ಕಿಡಿ ಕೊಡುವ ಕೇಪು ಸತ್ತಿದೆ, ಅಷ್ಟೆ."

"ಮೂರು ಇದೆ ಅಂತೀಯ. ಕೆರೆಗೆ ಹೋಗಿದ್ದೆಷ್ಟು?"

"ಓಹೋ," ಎಂದ ಐತ. "ಒಂದು ತಿಂಗಳಿಂದ ನನ್ನ ಊಟದ ಡಬ್ಬಿ ಮೂಸಿ ನೋಡುವುದು ಇದಕ್ಕಾ? ನನ್ನ ಗ್ರಾಚಾರ ಅಂತ ಸುಮ್ಮನಿದ್ದೆ."

"ಪಕ್ಕಕ್ಕೆ ಹೋಗೋ."

"ಹೋಗುವುದಿಲ್ಲ. ನೀವು ಪೊಲೀಸಿಗೆ ಹೇಳಿ. ಇಲ್ಲಿ ಕೈ ಹಾಕ್ಬೇಡಿ."

ಕಳ್ಳನೂ ಇದನ್ನೇ ಹೇಳುತ್ತಾನೆ ಎಂದುಕೊಂಡರು ವೆಂಕಟಸುಬ್ಬಯ್ಯ. ಸಲಾಕೆಯ ತುದಿಯನ್ನು ಅವನ ಭುಜದ ಮೇಲಿಂದ ಮಣ್ಣಿಗೆ ತಾಗಿಸಿದರು. ಒದ್ದೆ ಮಣ್ಣಿನ ಒಂದು ಹೆಂಟೆ ಕೆಳಗೆ ಬಿತ್ತು. ಚೆನ್ನಯ ಎರಡು ಹೆಜ್ಜೆ ಹಿಂದೆ ಸರಿದವನು ಮತ್ತೆ ಒಂದು ಹೆಜ್ಜೆ ಮುಂದೆ ಬಂದ.

ಐತ ಸಲಾಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಆಯ್ತು," ಎಂದ. "ಕದ್ದೆ. ಚೆನ್ನಯ, ನೀ ಬರ್ದುಕೋ ಮಾರಾಯ. ಐತ ಮದ್ದು ಕದ್ದ, ಕೆರೆಗೆ ಹಾಕಿದ. ನಾನು ಸಹಿ ಹಾಕ್ತೇನೆ. ಈಗ ಸಲಾಕೆ ಬಿಡಿ."

ಚೆನ್ನಯ ಫೋರ್‌ಮನ್ನರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಬರೆದ. ಐತ ಎಡಗೈಯಿಂದ ಸಲಾಕೆ ಬಿಡದೆ, ಬಲಗೈಯಿಂದ, ಚೆನ್ನಯ ಹಿಡಿದ ನೋಟ್‌ಬುಕ್ಕಿನಲ್ಲಿ, ದುಂಡಗೆ ಹೆಸರು ಬರೆದ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಚೆನ್ನಯ ಹರಿದು ಮಡಿಸಿಕೊಟ್ಟ ಹಾಳೆಯನ್ನು ವೆಂಕಟಸುಬ್ಬಯ್ಯನವರು ಒಂದೇ ಕೈಯಲ್ಲಿ ಜೇಬಿಗಿಟ್ಟರು. ತಿಂಗಳಿಡೀ ಬೇಕಾಗಿದ್ದದ್ದು ಅದೇ. ಸೋಮವಾರಕ್ಕೆ ಅಷ್ಟು ಸಾಕು.

ಐತ ಮಾತ್ರ ಕುಳಿಯ ಮುಂದಿನಿಂದ ಕದಲಿರಲಿಲ್ಲ.

"ಇನ್ನೇನು? ಒಪ್ಪಿಕೊಂಡೆಯಲ್ಲ, ಸರಿ ಪಕ್ಕಕ್ಕೆ."

"ನೀವು ಮೊದಲು ಆಚೆ ಹೋಗಿ."

"ಅಲ್ಲವೋ, ಕದ್ದಿದ್ರೆ ಕುಳಿ ಖಾಲಿ. ಖಾಲಿ ಕುಳಿ ನಾನು ಕೆದಕಿದ್ರೆ ನಿನಗೇನು?"

"ನನಗೆ ಎಂತ ಉಂಟು," ಎಂದ ಐತ. "ನಿಮಗೆ ಕೈ ಬೇಡ್ವಾ?"

ವೆಂಕಟಸುಬ್ಬಯ್ಯನವರು ಸಲಾಕೆ ಬಿಟ್ಟರು. ಅದು ಐತನ ಕೈಯಲ್ಲೇ ಉಳಿಯಿತು.

ಕಂಪ್ರೆಸರ್ ಸದ್ದು ಮತ್ತೆ ಶುರುವಾಯಿತು. ಒಂದಡಿ ಅಳೆದು ಗುರುತು ಹಾಕಿದವರು ವೆಂಕಟಸುಬ್ಬಯ್ಯ, ಕೊರೆದವನು ಐತ. ಮೂರೂವರೆಗೆ ಬಾವುಟ ಏರಿತು. ಒಂದೇ ಸದ್ದು, ಸಣ್ಣದೋ ದೊಡ್ಡದೋ, ಯಾರೂ ಹೇಳಲಿಲ್ಲ. ಹೊಗೆ ಆರಿದ ಮೇಲೆ ದಾನವ್ವ ಬುಟ್ಟಿ ಎತ್ತಿಕೊಂಡು ಎದ್ದಳು. ವೆಂಕಟಸುಬ್ಬಯ್ಯನವರು ಕೈ ಅಡ್ಡ ಮಾಡಿ ಅವಳನ್ನು ನಿಲ್ಲಿಸಿದರು.

ಒಡೆದ ಕಲ್ಲಿನ ಮೇಲೆ ಅವರು ಮಂಡಿಯೂರಿದರು. ಗುದ್ದಲಿ ಬೇಡವೆಂದು ಬರಿಗೈಯಲ್ಲಿ ಒಂದೊಂದೇ ಚೂರು ಎತ್ತಿ ಪಕ್ಕಕ್ಕಿಟ್ಟರು. ಧೋತರದ ಮಂಡಿ ಕೆಸರಾಯಿತು. ಇನ್ನೊಂದು ಬದಿಯಿಂದ ಐತನೂ ಎತ್ತತೊಡಗಿದ. ಒಂದು ಚಪ್ಪಟೆ ಕಲ್ಲಿನಡಿ, ಒದ್ದೆ ಮಣ್ಣಿನಲ್ಲಿ ಅರ್ಧ ಹೂತು, ಹಳದಿ ಮೇಣದ ಕಾಗದ ಕಂಡಿತು. ಸಿಡಿಯದ ಕಡ್ಡಿ, ಇಡಿಯಾಗಿ. ಉಳಿದೆರಡು ಪಕ್ಕದ ಮದ್ದಿನ ಜೊತೆಗೇ ಸಿಡಿದಿರಬೇಕು. ಇರಬೇಕು ಎಂದುಕೊಂಡರು ಅವರು, ಮತ್ತೆ ಹುಡುಕಲಿಲ್ಲ.

ಕಡ್ಡಿಯನ್ನು ಎರಡೂ ಅಂಗೈಗಳಲ್ಲಿ ಎತ್ತಿಕೊಂಡರು. ಜೇಬಿನಲ್ಲಿ ಮಡಿಸಿಟ್ಟ ಹಾಳೆ ಎದೆಗೆ ಒತ್ತುತ್ತಿತ್ತು.

"ಇತ್ತ ಕೊಡಿ," ಎಂದ ಐತ ತಗ್ಗಿದ ದನಿಯಲ್ಲಿ. "ನೀವು ಮೊದಲು ಏಳಿ."

ಅವರು ಕೊಟ್ಟರು. ಐತ ಅದನ್ನು ಮೈಗೆ ತಾಗಿಸದೆ ಹಿಡಿದು, ಪ್ರತಿ ಕಲ್ಲನ್ನೂ ಕಾಲಿನ ಹೆಬ್ಬೆರಳಿನಿಂದ ಮುಟ್ಟಿ ನೋಡಿ ಹೆಜ್ಜೆಯೂರುತ್ತ, ಸಿಡಿಯದ ಮದ್ದು ಇಡುವ ಮರಳಿನ ಡಬ್ಬಿ ಇದ್ದ ಕಡೆಗೆ ನಡೆದ. ಹೆಂಗಸರು ಬುಟ್ಟಿಗಳನ್ನು ಸೊಂಟಕ್ಕೆ ಎಳೆದುಕೊಂಡು ದಾರಿ ಬಿಟ್ಟರು.