ಇಪ್ಪತ್ತನೇ ಹೆಜ್ಜೆ

ನಾಯಿ ಕೂಳು ಬಿಟ್ಟು ಅವತ್ತಿಗೆ ನಾಲ್ಕು ದಿನ. ಗುಲ್ಶನ ದೂರ ನಿಂತು ರೊಟ್ಟಿ ಒಗೆಯುವಳು, ಅದು ಮೂಸಿ ನೋಡಿ ಮುಖ ತಿರುಗಿಸಿ ಮಲಗುವುದು. ಹೆಸರು ಬಂಡಲ್. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ, ಬಂಡಲುಗಳ ಸಂದಿಯಲ್ಲಿ ಹುಟ್ಟಿದ ಮರಿಯನ್ನು ಅವಳ ಗಂಡ ಸರ್ದಾರ ಬುತ್ತಿ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಅವತ್ತೇ ಗುಲ್ಶನ ಕರಾರು ಹಾಕಿದ್ದಳು.

"ನಮಾಜ್ ಮಾಡೂ ಮನಿ ಇದು. ನಾಯಿ ಕಟ್ಟೀ ಮ್ಯಾಲೇ ಇರಬೇಕು. ಹೊಸ್ತಿಲಾ ದಾಟಿತಂದ್ರ ಅದೂ ಹೊರಗ, ನೀವೂ ಹೊರಗ."

"ಹಂಗಾದ್ರ ನಾವಿಬ್ರೂ ಹೊರಗೇ ಇರ್ತೇವಿ ಬಿಡು," ಅಂದಿದ್ದ ಸರ್ದಾರ.

ಅಂದಂತೆ ಇದ್ದೂ ಇದ್ದ. ಪಾಳಿ ಮುಗಿಸಿ ಬಂದವನು ಕಟ್ಟೆಯ ಮೇಲೆ ಫೆಲ್ಟು ಹಾಸಿಕೊಂಡು ನಾಯಿಯ ಪಕ್ಕ ಬೀಡಿ ಸೇದುತ್ತ ಕೂಡುವನು. ಫೆಲ್ಟು ಅಂದರೆ ಕಾಗದದ ಯಂತ್ರಕ್ಕೆ ಸುತ್ತುವ ದಪ್ಪ ಉಣ್ಣೆ ಬಟ್ಟೆ. ಯಂತ್ರಕ್ಕೆ ಬೇಡವಾದ ಮೇಲೆ ಆ ಓಣಿಯ ಅರ್ಧ ಮನೆಗಳಿಗೆ ಅದೇ ಕಂಬಳಿ. ರಜೆಯ ದಿನ ಸ್ಕೂಟರಿನ ಮುಂದೆ ನಾಯಿ ನಿಲ್ಲಿಸಿಕೊಂಡು ಎತ್ತಲೋ ಹೊರಡುವನು. ಹೊರಡುವಾಗ ಒಂದು ಮಾತು ಕೇಳಿಯೇ ಕೇಳುವನು.

"ಒಂದ್ಸಲ ಬಾ ಅಲಾ. ಚಲೋ ಬಾಗ್ ಐತಿ. ನಿನಗೂ ಮನಸಿಗೆ ಬರ್ತೈತಿ."

"ನಾಯಿ ಜೋಡಿ ನಾ ಬರಂಗಿಲ್ಲ."

ಹನ್ನೊಂದು ವರ್ಷ ಇದೇ ಮಾತು, ಇದೇ ಉತ್ತರ. ಯಾವ ಊರಿನ ಬಾಗು, ಎಂಥ ಉದ್ಯಾನ ಅಂತ ಕೂಡ ಅವಳು ಕೇಳಲಿಲ್ಲ.

ಆಮೇಲೆ ಒಂದು ಮುಂಜಾನೆ ಸರ್ದಾರ ಎದೆ ಹಿಡಿದುಕೊಂಡು ಕಟ್ಟೆಯ ಮೇಲೇ ಒರಗಿದ. "ಬಂಡಲ್‌ನ ಯಾರಿಗೂ ಕೊಡಬ್ಯಾಡ" ಅಂದದ್ದೇ ಕಡೇ ಮಾತು. ಗುಲ್ಶನ ಹೂಂ ಅಂದಿದ್ದಳು.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಇದ್ದತ್ತು ಕೂಡಬೇಕು, ಹೊಸ್ತಿಲು ದಾಟುವ ಹಾಗಿಲ್ಲ. ಒಳಗೆ ಅವಳು, ಹೊರಗೆ ಫೆಲ್ಟಿನ ಮೇಲೆ ನಾಯಿ. ನಾಯಿ ಆಗ ತಿನ್ನುತ್ತಿತ್ತು, ಬಾಲವನ್ನೂ ಆಡಿಸುತ್ತಿತ್ತು. ಇದ್ದತ್ತು ಮುಗಿದ ದಿನ ಗುಲ್ಶನ ಮನೆಯೆಲ್ಲ ತೊಳೆದಳು. ಕಟ್ಟೆ ತೊಳೆದಳು. ನಾಯಿ ಬಾಯಿ ಹಚ್ಚಿದ್ದಕ್ಕೆ ಒಂದು ಸಲ ಮಣ್ಣು, ಏಳು ಸಲ ನೀರು ಅಂತ ಅವಳ ಅಮ್ಮಿ ಕಲಿಸಿದ್ದಳು. ಹಾಗೇ ಆ ಫೆಲ್ಟನ್ನೂ ಮಣ್ಣು ಹಚ್ಚಿ ಉಜ್ಜಿ, ಏಳು ನೀರಿನಲ್ಲಿ ಜಾಲಿಸಿ, ಹಿಂಡಿ ಬಿಸಿಲಿಗೆ ಹಾಕಿದಳು.

ಸಂಜೆ ನಾಯಿ ಬಂದು ಫೆಲ್ಟು ಮೂಸಿತು. ಒಂದೊಂದೇ ಮೂಲೆ ಹಿಡಿದು ಮಗುಚಿ ಹಾಕಿ ಮೂಸಿತು. ಆಮೇಲೆ ಅವಳ ಮುಖ ನೋಡಿತು.

ಆವಾಗ ಗುಲ್ಶನಳಿಗೆ ತಿಳಿಯಿತು. ಸರ್ದಾರನ ಬೀಡಿ ವಾಸನೆ, ಬೆವರು, ಮಿಲ್ಲಿನ ಹಸಿ ಕಾಗದದ ಕಮಟು, ಎಲ್ಲ ಇದ್ದದ್ದು ಅದರಲ್ಲೇ. ಮಯ್ಯತ್ತಿನ ದಿನ ಹೆಣಕ್ಕೆ ಒಮ್ಮೆ ಸ್ನಾನ ಮಾಡಿಸಿ ಕಳಿಸಿದ್ದರು. ಉಳಿದಷ್ಟು ಗಂಡನನ್ನು ಇವಳು ಎರಡನೇ ಸಲ ತೊಳೆದು ಕಳಿಸಿದ್ದಳು.

ಅವತ್ತಿನಿಂದ ನಾಯಿ ತುತ್ತು ಮುಟ್ಟಲಿಲ್ಲ.

"ಚಾಚಿ, ಅದು ಚಾಚಾನ್ನ ಹುಡಕಾಕತ್ತೈತಿ," ಅಂದ ಎದುರು ಮನೆಯ ಆಟೋ ಇಮ್ರಾನ. "ಅವ್ರು ಕರಕೊಂಡು ಹೋಗ್ತಿದ್ದ ಬಾಗಿಗೆ ಒಯ್ಯೂಣು. ಅಲ್ಲೆರ ತಿಂದೀತು. ಹಿಂಗಾದ್ರ ಇನ್ನೆರಡು ದಿನ ತಡಿಯಂಗಿಲ್ಲ ನೋಡ್ರಿ."

"ಯಾವ ಬಾಗಂತ ನನಗೇನ್ ಗೊತ್ತಪಾ?"

"ನಿಮಗ ಗೊತ್ತಿಲ್ಲಂದ್ರ ಮುಗೀತು! ಹಳಿಯಾಳ ಬಸ್‌ಸ್ಟ್ಯಾಂಡ್ ಹಂತ್ಯಾಕ ಒಮ್ಮೆ ಕಂಡಿದ್ರು. ಹತ್ರಿ, ನೋಡೂಣು. ತಾನ ಹುಡುಕಲಿ ಅಂತ ಬಯಲಿಗೆ ಬಿಟ್ರ ಚಿರತಿ ಪಾಲಾಗ್ತೈತಿ."

ಹಳಿಯಾಳದ ಕೆರೆ ದಂಡೆಯ ಉದ್ಯಾನದ ಮುಂದೆ ಆಟೋ ನಿಂತರೆ ನಾಯಿ ಇಳಿಯಲೇ ಇಲ್ಲ. ತಿರುಗಿ ಬಂದು ದಾಂಡೇಲಿಯ ಹೊಳೆ ದಂಡೆಗೆ ಒಯ್ದರು. ಅಲ್ಲಿ ಒಬ್ಬ ಮೀನು ಹಿಡಿಯುವವ, "ಯವ್ವಾ, ಮೊಸಳಿಗೆ ಎಡಿ ತಂದೀರೇನು?" ಅಂದದ್ದೇ ಗುಲ್ಶನ ಹಗ್ಗ ಎಳೆದುಕೊಂಡು ಓಡಿ ಬಂದಳು.

ಕಡೆಗೆ ಊರ ನಡುವಿನ ಮಕ್ಕಳ ಪಾರ್ಕು. ಅಲ್ಲಿ ನಾಯಿ ತಾನಾಗೇ ಇಳಿಯಿತು. ಗುಲ್ಶನ ಹಗ್ಗದ ತುದಿ ಹಿಡಿದು ಹಿಂದೆ ನಡೆದಳು. ನಾಯಿ ಇಪ್ಪತ್ತು ಹೆಜ್ಜೆ ನಡೆದು ನಿಂತಿತು. ಬಲಕ್ಕೆ ಕತ್ತೆತ್ತಿ ನೋಡಿತು, ಸ್ವಲ್ಪ ಹೊತ್ತು ಕಾಯಿತು, ಮತ್ತೆ ನಡೆಯಿತು. ಮತ್ತೆ ಇಪ್ಪತ್ತು ಹೆಜ್ಜೆ, ಮತ್ತೆ ನಿಂತಿತು. ಬಲಕ್ಕೆ ಯಾರೂ ಇರಲಿಲ್ಲ. ಮಂಡಿ ನೋವಿನ ಸರ್ದಾರ ಹಾಗೆಯೇ ನಿಂತು ನಿಂತು ನಡೆಯುತ್ತಿದ್ದ.

ಗೇಟಿನ ಕಾವಲುಗಾರ ಅಡಿವೆಯ್ಯ ಕೋಲು ಅಡ್ಡ ಹಿಡಿದ. "ನಾಯಿ ಒಳಗ ಬಿಡಂಗಿಲ್ರಿ ಅಮ್ಮಾರ. ಅಲ್ರೀ, ಇದು ಸರ್ದಾರ್ ಸಾಬ್ರ ನಾಯಿ ಅಲ್ಲೇನು? ಸಾಬ್ರು ಎಲ್ಲಿ, ಹಿಂದ ಬರಾಕತ್ತಾರೇನು?"

"ಅವ್ರು ಹೋಗಿ ನಾಕ್ ತಿಂಗಳ ಮ್ಯಾಲಾತು."

ಅಡಿವೆಯ್ಯ ಕೋಲು ಇಳಿಸಿದ. "ಏ, ಎಂಥಾ ಮಾತ್ರೀ. ಈ ನಾಯಿ ನಡಿಯೂದು ನೋಡಿ ಜೋಡಿಗೆ ಅದಾರಂತ ತಿಳದೆ. ಅವ್ರಿಗೂ ನಾ ಒಳಗ ಬಿಟ್ಟಿದ್ದಿಲ್ರಿ. ರೂಲ್ ಅಂದ್ರ ರೂಲ್. ಸಿಟ್ಟಾಗಲಿಲ್ಲ ಮಹಾರಾಯ. 'ನಿನ್ನ ಪಾರ್ಕು ನೀನ ಇಟ್ಕೋ, ಅಂಬಿಕಾನಗರದಾಗ ನಮಗ ಬೆಂಚ್ ಐತಿ' ಅಂತ ನಕ್ಕೋತ ಹೋಗ್ತಿದ್ರು."

ಮರುದಿನ ಮುಂಜಾನೆ ಗುಲ್ಶನ ಎರಡು ರೊಟ್ಟಿ ಕಟ್ಟಿಕೊಂಡು, ಫೆಲ್ಟು ಮಡಚಿಕೊಂಡು ಇಮ್ರಾನನ ಆಟೋದಲ್ಲಿ ಅಂಬಿಕಾನಗರಕ್ಕೆ ಹೊರಟಳು. ದಾರಿಯುದ್ದಕ್ಕೂ ಅಡವಿ. ನಾಯಿಗೆ ತಲೆ ಎತ್ತುವ ತ್ರಾಣವಿರಲಿಲ್ಲ. ಅಲ್ಲಿನ ವಿದ್ಯುತ್ ನಿಗಮದ ಕಾಲನಿಯ ತಿರುವು ಬಂದದ್ದೇ ಎದ್ದು ನಿಂತಿತು.

ಬೀಗ ಹಾಕಿದ ಕ್ವಾರ್ಟರ್ಸುಗಳ ಹಿಂದೆ ಒಂದು ಹಳೇ ಉದ್ಯಾನ. ತುಕ್ಕು ಹಿಡಿದ ಜೋಕಾಲಿ, ಸುತ್ತ ತಂತಿ ಬೇಲಿ, ದೊಡ್ಡ ಮರದ ಕೆಳಗೆ ಸಿಮೆಂಟಿನ ಬೆಂಚು. ಕಸ ಗುಡಿಸುತ್ತಿದ್ದ ಮುದುಕಿ ನಾಯಿಯನ್ನು ನೋಡಿದಳು, ಗುಲ್ಶನಳನ್ನು ನೋಡಿದಳು, ಸೊಂಟದ ಮೇಲೆ ಕೈ ಇಟ್ಟಳು.

"ಅಂತೂ ಬಂದ್ರ್ಯಾ! ಬರ್ರಿ ಬರ್ರಿ. ಎಷ್ಟ್ ವರ್ಷ ಕಾಯಿಸಿದ್ರಿ ನಮ್ಮ ಸಾಬ್ರನ್ನ?"

"ನಾ ಯಾರಂತ ನಿಮಗ ಗೊತ್ತೈತೇನು?"

"ಈ ತಾಯವ್ವಗ ಗೊತ್ತಿಲ್ದ ಏನ್ರಿ. ಬೆಂಚಿನ ಎಡಕ್ಕ ಟಾವೆಲ್ಲಿಂದ ಒರಸಿ ಜಾಗಾ ಬಿಟ್ಟು ಕೂಡಾವ್ರು. ಯಾರಿಗ್ರೀ ಆ ಜಾಗಾ ಅಂದ್ರ, ನಮ್ಮ ಮನಿಯಾಕಿ ಬರ್ತಾಳ ಅನ್ನಾವ್ರು. ಈ ಜನ್ಮದಾಗೇನ್ರೀ ಅಂತ ನಾ ನಗಾಕಿ."

ಗುಲ್ಶನ ಸುದ್ದಿ ಹೇಳಿದಳು. ತಾಯವ್ವನ ಕೈಯಿಂದ ಕಸಬರಿಗೆ ಜಾರಿತು.

"ಖರೇನ? ಹಂಗಾದ್ರ..." ಅವಳು ಬೆಂಚಿನ ಕಡೆ ನೋಡಿದಳು. ಬೆಂಚಿನ ಎಡಗಡೆ ಗೇಣುದ್ದದ ಒಣ ಎಲೆಗಳು ಬಿದ್ದಿದ್ದವು. ಬಲಗಡೆ ಒಬ್ಬರು ಕೂಡುವಷ್ಟು ಜಾಗದಲ್ಲಿ ಒಂದೂ ಎಲೆ ಇರಲಿಲ್ಲ. "ಅಷ್ಟ್ ಜಾಗಾ ನಾ ಗುಡಿಸಿಲ್ರಿ ಯಕ್ಕಾ. ದಿನಾ ಸ್ವಚ್ಛ ಇರ್ತೈತಿ. ನಾ ಬರೂಕಿಂತ ಮುಂಚೆ ಸಾಬ್ರು ಬಂದು ಹೋಗ್ತಾರಂತ ತಿಳದಿದ್ದೆ."

ಗಾಳಿಗೆ ಜೋಕಾಲಿಯ ಸರಪಳಿ ಕಿರ್ ಅಂದಿತು. ನಾಯಿ ಹೋಗಿ ಬಲಗಡೆಯ ಜಾಗದ ಕೆಳಗೆ, ಕಾಲು ಇರಬೇಕಾದಲ್ಲಿ ಗದ್ದ ಊರಿ ಮಲಗಿತು. ಬಾಲ ಒಂದು ಸಲ ನೆಲಕ್ಕೆ ಬಡಿಯಿತು.

ಗುಲ್ಶನ ಬೆಂಚಿನ ಹತ್ತಿರ ಹೋದಳು. ಮಡಚಿದ ಫೆಲ್ಟು ಬಿಡಿಸಿ ಬಲಗಡೆ ಹಾಸಿದಳು. ಎಡಗಡೆಯ ಎಲೆ ಸರಿಸಿ ಕೂತಳು. ರೊಟ್ಟಿ ತೆಗೆದು ನಾಯಿಯ ಮುಂದೆ ಇಟ್ಟಳು. ಅದು ಮುಟ್ಟಲಿಲ್ಲ.

"ಹಂಗ ಇಟ್ರ ತಿನ್ನಂಗಿಲ್ರಿ ಅದು," ಅಂದಳು ತಾಯವ್ವ, ಹತ್ತಿರ ಬರದೆ. "ಸಾಬ್ರು ಅರ್ಧಾ ತಾವು ತಿಂದು, ಉಳದರ್ಧಾ ಕೈಯಾಗ ಹಿಡದು ಕೊಡತಿದ್ರು."

ಗುಲ್ಶನ ಇನ್ನೊಂದು ರೊಟ್ಟಿ ಮುರಿದಳು. ಅರ್ಧ ತಿಂದಳು. ಉಳಿದರ್ಧ ಚಾಚಿದಳು. ನಾಯಿ ಅವಳನ್ನು ನೋಡಲಿಲ್ಲ, ಖಾಲಿ ಫೆಲ್ಟಿನ ಮೇಲಕ್ಕೆ, ಒಂದು ಮುಖ ಇರುವ ಎತ್ತರಕ್ಕೆ ನೋಡಿತು. ಅಪ್ಪಣೆ ಸಿಕ್ಕಂತೆ ಮೆಲ್ಲಗೆ ಎದ್ದು ಬಂದು ಅವಳ ಕೈಯಿಂದ ತಿಂದಿತು. ಅದರ ನಾಲಿಗೆ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವಳ ಅಂಗೈ ಮುಟ್ಟಿತು. ನಲ್ಲಿ ಐದೇ ಮಾರು ದೂರದಲ್ಲಿತ್ತು. ಅವಳು ಏಳಲಿಲ್ಲ.

ಬಿಸಿಲು ಏರುವ ತನಕ ಕೂತರು. ಎಷ್ಟು ಮಂದಿ ಅಂತ ತಾಯವ್ವನೂ ಎಣಿಸಲಿಲ್ಲ.

ಬರುವಾಗ ಏರಿನಲ್ಲಿ ಆಟೋ ಉಬ್ಬಸ ಬಿಟ್ಟಿತು. "ಏನ್ ಚಾಚಿ, ಗಾಡಿ ಭಾರ ಆದಂಗಾಗೇತಿ? ಕಲ್ಲ ಹೇರಿದ್ರೇನು?" ಅಂದ ಇಮ್ರಾನ. ಗುಲ್ಶನಳ ತೊಡೆಯ ಮೇಲಿನ ಫೆಲ್ಟಿನಿಂದ ಬೀಡಿ ವಾಸನೆ ಬರುತ್ತಿತ್ತು. ಇಮ್ರಾನ ಬೀಡಿ ಸೇದುವವನಲ್ಲ.

ಓಣಿಯ ಬಾಯಿಗೆ ಇಳಿದು ಮನೆಯತ್ತ ನಡೆದರು. ಇಪ್ಪತ್ತನೇ ಹೆಜ್ಜೆಗೆ ನಾಯಿ ನಿಂತಿತು. ಗುಲ್ಶನಳೂ ನಿಂತಳು. ಸೆರಗು ಸರಿ ಮಾಡಿಕೊಂಡು, ನಾಯಿ ನೋಡುತ್ತಿದ್ದ ಕಡೆಗೇ ತಿರುಗಿ ಕೇಳಿದಳು:

"ಮಣಕಾಲು ಭಾಳ ನೋಯಾಕತ್ತಾವೇನ್ರಿ? ಸಾವಕಾಶ ಬರ್ರಿ. ಇವತ್ತಿಂದ ಮೂರೂ ಮಂದಿ ಒಳಗ ಕೂಡೂಣು."