ಬಾಲದ ಹಿಂದೆ ನಿಂತವಳು

ನಾನು ಹಲ್ಲಿನ ಸೆಟ್ಟು ಮಾಡುವವಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ನನ್ನ ಮೇಜಿನಿಂದ ಹೋದ ಹಲ್ಲು ಯಾರ ಬಾಯಲ್ಲೂ ಕಟಕಟ ಅಂದಿಲ್ಲ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಅಂಥವಳು ಒಂದು ಬೆಳಿಗ್ಗೆ ಎದುರಿಗಿದ್ದ ಗೇಣುದ್ದದ ಪಟ್ಟಿಯನ್ನು ನೋಡದೆ “ಸರಿ” ಅಂದುಬಿಟ್ಟೆ. ಅದನ್ನು ಅಪ್ಪನಿಗೆ ಹೇಳುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಅಪ್ಪ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು. ಆರು ಮಹಡಿ ಎತ್ತರದ ಗೂಡಿನಲ್ಲಿ ಕೂತವರಿಗೆ ಕೆಳಗಿನ ಸಾಮಾನು ಎಷ್ಟೋ ಸಲ ಕಾಣುವುದೇ ಇಲ್ಲ. ಕೆಳಗೆ ನಿಂತವನು ವೈರ್‌ಲೆಸ್ಸಿನಲ್ಲಿ “ಬಲ”, “ಇಳಿಸು”, “ಸಾಕು” ಎಂದು ಕೂಗಿದಂತೆ ಇವರು ಲಿವರ್ ಎಳೆಯಬೇಕು. ಹೀಗೆ ಬೇರೆಯವರ ಕಣ್ಣು ನಂಬಿಕೊಂಡು ಮೂವತ್ತೊಂದು ವರ್ಷ ಕೆಲಸ ಮಾಡಿದರು, ಒಂದು ಪೆಟ್ಟಿಗೆಯನ್ನೂ ಬೀಳಿಸಲಿಲ್ಲ. “ಕೂಗೋನ ಮಾತಿನ ಮೇಲೆ ಅನುಮಾನ ಬಂತು ಅಂದ್ರೆ ಅವತ್ತೇ ಇಳಿದು ಮನೆಗೆ ಹೋಗ್ಬೇಕು” ಅನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರಿಗೆ ಗ್ಲೈಡರ್ ಹುಚ್ಚು ಹತ್ತಿತು. ಒಂದು ಮಾರಿಗಿಂತ ಉದ್ದದ ರೆಕ್ಕೆಯ, ಎಂಜಿನ್ನೇ ಇಲ್ಲದ ಮಾದರಿ ವಿಮಾನ. ಗುಡ್ಡದ ಅಂಚಿನಲ್ಲಿ ನಿಂತು ಎದುರುಗಾಳಿಗೆ ಎಸೆದರೆ ಹದ್ದಿನ ಹಾಗೆ ತೇಲುತ್ತದೆ, ರಿಮೋಟಿನಿಂದ ತಿರುಗಿಸಬೇಕು. “ಇಷ್ಟು ವರ್ಷ ಭಾರ ಎತ್ತಿದ್ದಾಯ್ತು, ಇನ್ನು ಭಾರ ಇಲ್ಲದ್ದನ್ನ ಎತ್ತೋಣ” ಎಂದು ತಮಾಷೆ ಮಾಡುತ್ತಿದ್ದರು.

ಕ್ರೇನಿನ ಕಟ್ಟಳೆಯನ್ನೇ ಗ್ಲೈಡರಿಗೂ ತಂದಿದ್ದರು. ಎಸೆಯುವ ಮೊದಲು ಅವರು ರಿಮೋಟು ಹಿಡಿದು ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದರು. ನಾನು ಗ್ಲೈಡರ್ ಹಿಡಿದು ಅದರ ಬಾಲದ ಹಿಂದೆ. ಅವರು “ಬಲ” ಎಂದು ರಿಮೋಟಿನ ಕಡ್ಡಿ ತಳ್ಳಿದಾಗ ಬಲ ರೆಕ್ಕೆಯ ಹಿಂದಂಚಿನ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು, ಆಗಲೇ ಗ್ಲೈಡರ್ ಬಲಕ್ಕೆ ವಾಲುವುದು. ನಾನು ನೋಡಿ “ಸರಿ” ಅನ್ನಬೇಕು. ಅಪ್ಪ ರೆಕ್ಕೆಯ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಬಾಯಿ ನೋಡುತ್ತಿದ್ದರು.

ಆ ಬೆಳಿಗ್ಗೆಗೆ ನಾನು ಗಂಡನ ಮನೆ ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಗುಡ್ಡ ಹತ್ತುತ್ತಾ ಏದುಸಿರಿನ ನಡುವೆ ಅಪ್ಪ, “ನೀನೂ ಸ್ವಲ್ಪ ಹೊಂದ್ಕೊಂಡು ಹೋಗಬಹುದಿತ್ತೇನೋ” ಅಂದರು. ಅಷ್ಟೇ ಅಂದದ್ದು. ನನಗೋ ಮೂಗಿನ ತುದಿಯಲ್ಲೇ ಕೋಪ. ಹೋಗಿ ಬಾಲದ ಹಿಂದೆ ನಿಂತೆ, ಕೆಳಗೆ ದೂರದಲ್ಲಿದ್ದ ನೀರಿನ ಟ್ಯಾಂಕನ್ನು ದುರುಗುಟ್ಟಿ ನೋಡಿದೆ.

“ಬಲ” ಅಂದರು.

“ಸರಿ” ಅಂದೆ.

“ಎಡ.”

“ಸರಿ.”

ಹಿಂದಿನ ದಿನವಷ್ಟೇ ಹಳೆಯ ರಿಮೋಟು ಬದಲಿಸಿ ಹೊಸದು ಜೋಡಿಸಿದ್ದರು. ಅದರ ಬೆನ್ನಿನಲ್ಲಿ ಪುಟ್ಟ ಪುಟ್ಟ ಸ್ವಿಚ್ಚುಗಳಿವೆ, ರೆಕ್ಕೆಯ ಪಟ್ಟಿಗಳಿಗೊಂದು, ಬಾಲದ ಪಟ್ಟಿಗೊಂದು ಎಂದು ದಿಕ್ಕು ಹೊಂದಿಸುವುದಕ್ಕೆ. ರೆಕ್ಕೆಯ ಪಟ್ಟಿಗಳದ್ದು ಉಲ್ಟಾ ಇತ್ತು. ಬಾಲದ ಹಿಂದೆ ಒಬ್ಬರು ನಿಲ್ಲಬೇಕಾದದ್ದು ಅದಕ್ಕೇ.

ಎಸೆದೆ. ಗ್ಲೈಡರ್ ಎಡಕ್ಕೆ ವಾಲಿತು. ಅಪ್ಪ ಕಡ್ಡಿಯನ್ನು ಬಲಕ್ಕೆ ತಳ್ಳಿದರು, ಅದು ಇನ್ನಷ್ಟು ಎಡಕ್ಕೆ ವಾಲಿತು. ಅವರು ಮತ್ತೂ ತಳ್ಳಿದರು. ಕೆಳಗಿನ ಬಂಡೆಗೆ ಬಡಿದು ಮೂಗು ಪುಡಿಪುಡಿಯಾಯಿತು.

ಚೂರು ಹೆಕ್ಕುವುದಕ್ಕೆ ನಾನೇ ಮೊದಲು ಓಡಿದೆ. ಅಪ್ಪ ಮೇಲಿನಿಂದ ಇಳಿಯುತ್ತಾ ಇನ್ನೂ “ಬಲ, ಬಲ” ಎಂದು ಕಡ್ಡಿ ಒತ್ತುತ್ತಿದ್ದರು. ಮುರಿದ ರೆಕ್ಕೆಯಲ್ಲಿ ಬಲಪಟ್ಟಿ ನನ್ನ ಕಣ್ಣೆದುರೇ ಕೆಳಕ್ಕೆ ಬಾಗಿತು. ಅವರು ಬಂದು ತಲುಪುವ ಮೊದಲೇ ಬ್ಯಾಟರಿಯ ತಂತಿ ಕಿತ್ತೆ.

“ನೀನು ನೋಡಿ ತಾನೇ ಹೇಳಿದ್ದು?” ಅಂದರು.

“ನೋಡೇ ಹೇಳ್ದೆ. ಸರಿ ಇತ್ತು.”

“ಹಾಗಾದ್ರೆ ನನ್ನ ಕೈಯೇ. ಬಲ ಅಂದ್ಕೊಂಡು ಎಡಕ್ಕೆ ತಳ್ಳಿದೀನಿ.”

ನನ್ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಕೂಗಿದವಳ ಮಾತು ಸರಿ ಎಂದಾದರೆ ತಪ್ಪುವುದಕ್ಕೆ ಉಳಿದದ್ದು ತಮ್ಮ ಕೈ ಒಂದೇ. ಮನೆಗೆ ಬಂದು ರಿಮೋಟನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದರು. ವಾರ ಕಳೆಯುವುದರಲ್ಲಿ ಸ್ಕೂಟರಿನ ಕೀಲಿ ನನಗೆ ಕೊಟ್ಟರು. ಗಡ್ಡ ತಾವೇ ಹೆರೆದುಕೊಳ್ಳುತ್ತಿದ್ದವರು ಕ್ಷೌರದ ಅಂಗಡಿಗೆ ಹೋಗತೊಡಗಿದರು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ನೋಡಿದಾಗಲೆಲ್ಲ ನಾಳೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ನಾಳೆ ಬಂದರೆ ನೆಪವೂ ಬರುತ್ತಿತ್ತು. ಮೊದಲು ನನ್ನದು ಬರೀ ಸಿಟ್ಟು, ಆಮೇಲೆ ಅಂಜಿಕೆ, ಕೊನೆಕೊನೆಗೆ ನಾಚಿಕೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ನಾನು ಕೊಯ್ದದ್ದು ಅಪ್ಪನ ಮೂಗು.

ಕಳೆದ ವರ್ಷ ಅವರ ಕಣ್ಣಿಗೇ ಬಂತು. ಕಣ್ಣಿನ ಪರದೆ ನಡುಮಧ್ಯೆ ಸವೆಯುತ್ತಿದೆ, ಹೋದದ್ದು ವಾಪಸ್ಸು ಬರುವುದಿಲ್ಲ ಎಂದರು ಡಾಕ್ಟರು. ಈಗ ನೇರ ನೋಡಿದರೆ ಅವರಿಗೆ ಮಬ್ಬು, ಓರೆಗಣ್ಣಿಗೆ ಮಾತ್ರ ಅಷ್ಟಿಷ್ಟು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ತಿರುಗುತ್ತಾರೆ. ಆಸ್ಪತ್ರೆಯಿಂದ ಬಂದ ವಾರವೇ ನಾನು ಒಂದು ಗ್ಲೈಡರಿನ ಬಿಡಿಭಾಗಗಳನ್ನು ತರಿಸಿದೆ.

ಮಧ್ಯಾಹ್ನದ ಬಿಡುವಿನಲ್ಲಿ, ಅಚ್ಚುಗಳ ನಡುವೆ ಜಾಗ ಮಾಡಿಕೊಂಡು, ನನ್ನ ಕೆಲಸದ ಮೇಜಿನ ಮೇಲೇ ಕಟ್ಟಿದೆ. ಮೇಣ ಕೊರೆಯುವ ಚೂರಿಯಿಂದ ರೆಕ್ಕೆಯ ಹಗುರ ಮರ ಸವರಿದೆ. ಹಲ್ಲು ಉಜ್ಜುವ ನಯವಾದ ಉಪ್ಪುಕಾಗದ ಅದಕ್ಕೂ ಆಯಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೋಟಾರುಗಳನ್ನು ರೆಕ್ಕೆಯೊಳಗೆ ಕೂರಿಸಿ, ಸಣ್ಣ ಸರಳಿನಿಂದ ಪಟ್ಟಿಗಳಿಗೆ ಜೋಡಿಸಿದೆ. ಪಕ್ಕದ ಮೇಜಿನವಳು, “ಇದ್ಯಾರ ದವಡೆಗೆ ಕೂರಿಸ್ತೀಯೇ?” ಎಂದು ನಕ್ಕಳು.

ಒಂದು ಭಾನುವಾರ ಅದನ್ನು ಮನೆಗೆ ತಂದು ಅಪ್ಪನ ಎದುರಿಗೆ, ಊಟದ ಮೇಜಿನ ಮೇಲಿಟ್ಟೆ. ಮೊದಲು ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ತಡೆಯಲಾರದೆ ಮೂಗಿನಿಂದ ಬಾಲದವರೆಗೆ ಸವರಿದರು. ರೆಕ್ಕೆಯ ಅಡಿಗೆ ಎರಡು ಬೆರಳ ತುದಿಗಳನ್ನು ಕೊಟ್ಟು ಎತ್ತಿದರು. ಗ್ಲೈಡರ್ ಅಲ್ಲಿ ಸಮವಾಗಿ ನಿಲ್ಲಬೇಕು, ಇಲ್ಲವಾದರೆ ಹಾರುವುದಿಲ್ಲ. ನಾನು ತಕ್ಕಡಿಯಲ್ಲಿಟ್ಟು ತೂಗಿ, ಮೂಗಿಗೆ ಸೀಸದ ಗುಂಡು ತುಂಬಿ, ಸರಿಯಾಗಿದೆ ಅಂದುಕೊಂಡಿದ್ದೆ.

“ಬಾಲ ಜಗ್ತಾ ಇದೆ. ಮೂಗಿಗೆ ಇನ್ನೊಂದು ಗುಂಡು ಬೇಕು” ಅಂದರು.

ಆ ಬೆರಳು ಅಲುಗಲಿಲ್ಲ, ನಡುಗಲಿಲ್ಲ. ಆ ಕೈಯನ್ನೇ ಅವರು ಮೂರು ವರ್ಷ ನಂಬಿರಲಿಲ್ಲ. ಅಟ್ಟದಿಂದ ಇಳಿಸಿಟ್ಟಿದ್ದ ರಿಮೋಟನ್ನು ಅವರ ಕೈಗಿಟ್ಟು, ಹೆಬ್ಬೆರಳನ್ನು ಹಿಡಿದು ಆ ಸ್ವಿಚ್ಚಿನ ಮೇಲಿರಿಸಿದೆ.

“ಅಪ್ಪ, ಅವತ್ತು ನಾನು ನೋಡಿರಲಿಲ್ಲ.”

“ಯಾವತ್ತು?”

“ಬಂಡೆಗೆ ಬಡಿದ ದಿನ. ಹೊಂದ್ಕೊಂಡು ಹೋಗಬಹುದಿತ್ತು ಅಂದ್ರಲ್ಲ, ಆ ಸಿಟ್ಟಿಗೆ ಬೇರೆ ಕಡೆ ನೋಡ್ತಾ ಸರಿ ಅಂದೆ. ಈ ಸ್ವಿಚ್ಚು ಉಲ್ಟಾ ಇತ್ತು. ಈಗಲೂ ಹಾಗೇ ಇದೆ. ನಿಮ್ಮ ಕೈ ತಪ್ಪಿಲ್ಲ. ಅಲ್ಲೇ, ಚೂರು ಹೆಕ್ಕುವಾಗಲೇ ನನಗೆ ಗೊತ್ತಾಯ್ತು. ಆದ್ರೂ ಸುಳ್ಳು ಹೇಳ್ದೆ.”

ಅಪ್ಪ ಸ್ವಿಚ್ಚನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಸರಿಸಿದರು. ರಿಮೋಟು ಕೆಳಗಿಟ್ಟು ಎರಡೂ ಕೈಗಳನ್ನು ಮುಖದ ಪಕ್ಕಕ್ಕೆ ಎತ್ತಿ, ಓರೆಗಣ್ಣಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಆಮೇಲೂ ಎರಡು ವರ್ಷ ಕಣ್ಣು ಚೆನ್ನಾಗಿತ್ತಲ್ಲೇ ನನಗೆ” ಅಂದರು.

ಬೈದಿದ್ದರೆ ಎದುರು ಮಾತಾಡಬಹುದಿತ್ತು, ಇಲ್ಲವೇ ಅಳಬಹುದಿತ್ತು. ಅವರು ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೆಯ ಬೆಳಿಗ್ಗೆ ನಾನು ಟೀ ಕೊಡುವಾಗ ಕೇಳಿದರು, “ಮೂಗಿಗೆ ಗುಂಡು ಹಾಕಿದ್ಯಾ?”

“ಹಾಕಿದೀನಿ. ಸ್ವಿಚ್ಚೂ ಸರಿ ಮಾಡಿದೀನಿ.”

“ಭಾನುವಾರ ಹೋಗೋಣ. ನಾನೇ ಆಡಿಸ್ತೀನಿ. ಎಲ್ಲಿದೆ, ಯಾವ ಕಡೆ ಅಂತ ನೀನು ಕೂಗು.”

ಭಾನುವಾರ ಗುಡ್ಡದ ಮೇಲೆ ಗಾಳಿ ಹದವಾಗಿತ್ತು. ಅಪ್ಪ ಹೆಜ್ಜೆ ಎಣಿಸಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ನಿಂತರು. ನಾನು ಬಾಲದ ಹಿಂದೆ ನಿಂತೆ.

“ಬಲ” ಅಂದರು. ಬಲಪಟ್ಟಿ ಮೇಲೆದ್ದಿತು, ಎಡದ್ದು ಇಳಿಯಿತು. ನೋಡಿದೆ, ಮತ್ತೊಮ್ಮೆ ನೋಡಿದೆ.

“ಸರಿ” ಅಂದೆ.

ಅಪ್ಪ “ಎಡ” ಅನ್ನಲಿಲ್ಲ. ಕಡ್ಡಿಯನ್ನು ಬಲಕ್ಕೆ ಒತ್ತಿ ಹಿಡಿದುಕೊಂಡೇ, ಹುಲ್ಲಿನಲ್ಲಿ ಕಾಲು ತಡವರಿಸುತ್ತಾ ನನ್ನ ಹತ್ತಿರ ನಡೆದು ಬಂದರು. ರೆಕ್ಕೆಯ ಅಂಚನ್ನು ಹುಡುಕಿ, ಪಟ್ಟಿ ಮೇಲಿದೆಯೇ ಎಂದು ಬೆರಳಿಟ್ಟು ನೋಡಿದರು. “ಹೂಂ” ಅಂದು ಮತ್ತೆ ಹೆಜ್ಜೆ ಎಣಿಸುತ್ತಾ ಹೋದರು.

“ಎಡ.”

“ಸರಿ” ಅಂದೆ. ಮತ್ತೆ ಬಂದರು.

ಯಾರ ಮಾತನ್ನೂ ಕ್ರೇನಿನ ಗೂಡಿನಿಂದ ಇಳಿದು ಬಂದು ಪರೀಕ್ಷಿಸದ ಮನುಷ್ಯ. ಅವರ ಬೆರಳಿಗೆ ಸುಲಭವಾಗಲಿ ಎಂದು ನಾನು ಗ್ಲೈಡರನ್ನು ಅಲುಗದಂತೆ ಹಿಡಿದುಕೊಂಡೆ. ಬಲ, ಎಡ, ಮೇಲೆ, ಕೆಳಗೆ ಎಂದು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ನಾನು ನೋಡಿಯೇ “ಸರಿ” ಅಂದೆ. ನಾಲ್ಕು ಸಲವೂ ಅಪ್ಪ ಬಂದು ಮುಟ್ಟಿ ನೋಡಿದರು. ಆಮೇಲೆ “ಎಸಿ” ಅಂದರು.