ಒದ್ದೆ ಕೈಯವರು

“ಒದ್ದೆ ಕೈಲಿ ಕೀ ಮುಟ್ಟಿದ ಮುಂಡೆ ಯಾವಳೇ?”

ಕಾರು ತೊಳೆಯುವ ಶೆಡ್ಡಿನ ಬಾಗಿಲಲ್ಲೇ ನಿಂತು ಇಸ್ತ್ರಿ ಅರಚಿದ. ಒಳಗೆ ಕಾಲಿಟ್ಟರೆ ಬೂಟಿಗೆ ನೊರೆ ಹತ್ತುತ್ತದಲ್ಲ. ಕಾರು ಸರ್ವಿಸ್ ಸೆಂಟರಿನ ಮ್ಯಾನೇಜರ್ ಅವನು. ಬೆಳಗ್ಗೆ ಅಂಗಿಯ ಮೇಲಿದ್ದ ಗೆರೆ ಸಂಜೆಗೂ ಮುರಿಯದೆ ನಿಂತಿರುತ್ತಿತ್ತು. ಅದಕ್ಕೇ ತೊಳೆಯುವ ಹೆಂಗಸರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು.

“ನಾನೇ ಸಾರ್,” ಎಂದಳು ದೊಡ್ಡವಳು. “ಬಾಗ್ಲು ತಂತಾನೇ ಲಾಕ್ ಆಗ್ತಿತ್ತು. ಒಳಗೆ ಕ್ಲೀನ್ ಮಾಡ್ಬೇಕಲ್ಲ, ಕೈಗೆ ಸಿಗೋ ಹಂಗಿರ್ಲಿ ಅಂತ ತಂದೆ.”

“ನಿಮ್ಮಪ್ಪ ಕೊಡಿಸಿದ ಗಾಡಿನಾ ಇದು? ಕೀ ನನ್ನ ಟೇಬಲ್ ಮೇಲೇ ಇರ್ಬೇಕು. ತೊಳೆಯೋಕ್ ಬಂದೋಳು ತೊಳ್ಕೊಂಡ್ ಹೋಗು.”

ಜೇಬಿನಿಂದ ಕಾಗದದ ಕರವಸ್ತ್ರ ತೆಗೆದ. ಕೀ ಕಾರ್ಡನ್ನು ಅದರಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿಕೊಂಡು ಹೋದ.

“ಅವನ ಕೈಗೆ ಲಕ್ವ ಹೊಡೀಲಿ,” ಎಂದಳು ದೊಡ್ಡವಳು, ಅವನು ಮರೆಯಾದ ಮೇಲೆ.

“ಹೊಡೆದ್ರೆ ಅವನಂಗಿ ಯಾರು ಇಸ್ತ್ರಿ ಮಾಡ್ತಾರೆ ಅಕ್ಕಾ?” ಬಿಳಿ ಕಾರಿನೊಳಗಿಂದ ಚಿಕ್ಕವಳು ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತದೆ. ಬಂತು.

ಇಬ್ಬರೂ ವಾರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಮನೆಯಲ್ಲಿ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಒಲೆಗೆ ಜಗಳ, ಬಕೆಟ್ಟಿಗೆ ಜಗಳ. ಶುರುವಾಯಿತೆಂದರೆ ಗಂಡಂದಿರು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದರು. ಶೆಡ್ಡಿಗೆ ಬಂದರೆ ಮಾತ್ರ ಕಥೆಯೇ ಬೇರೆ. ಚಿಕ್ಕವಳಿಗೆ ಉಬ್ಬಸ, ತಣ್ಣೀರು ಆಗಿಬರದು. ಹಾಗಾಗಿ ಅವಳನ್ನು ಒಳಗಿನ ಒಣ ಕೆಲಸಕ್ಕೆ ಹಾಕಿ, ಹೊರಗಿನದನ್ನೆಲ್ಲ ದೊಡ್ಡವಳೇ ತೊಳೆಯುತ್ತಿದ್ದಳು. ಪಕ್ಕದ ಗಾಡಿಗೆ ಹೊಡೆಯುವ ನೀರು ಸೀಟಿಗೆ ಸಿಡಿದರೆ ಬೈಗುಳ ತಪ್ಪಿದ್ದಲ್ಲ. ಒಳಗೆ ಧೂಳೆಳೆಯುವವಳು ಬಾಗಿಲು ಎಳೆದುಕೊಂಡೇ ಕೂರುವುದು ಅಲ್ಲಿನ ರೂಢಿ. ಚಿಕ್ಕವಳು ಬಾಗಿಲು ಎಳೆದುಕೊಂಡಳು.

ಆ ಬಿಳಿ ಗಾಡಿ ಜೀಪಿನ ಬಾಲ ಹಿಡಿದು ಬಂದದ್ದು ಅದೇ ಮೊದಲಲ್ಲ. ಒಂದು ಗೀರಿಲ್ಲ, ಒಂದು ನೆಗ್ಗಿಲ್ಲ, ನಡುರಸ್ತೆಯಲ್ಲಿ ಸುಮ್ಮನೆ ಮಲಗಿಬಿಡುತ್ತಿತ್ತು. ಎಳೆದು ತರುವವನು ಮೇಸ್ತ್ರಿ. ಒಂದು ಕಾಲಕ್ಕೆ ಇಂಜಿನ್ ಬಿಚ್ಚುತ್ತಿದ್ದವನನ್ನು ಈಗ ಹಳೇ ಜೀಪಿಗೆ ಹಾಕಿದ್ದರು; ರಿಪೇರಿಯೆಲ್ಲ ಮಹಡಿಯ ಮೇಲೆ ತಣ್ಣಗೆ ಕೂತ ಲ್ಯಾಪ್‌ಟಾಪಿನವನ ಪಾಲಾಗಿತ್ತು. “ಮೊದ್ಲೆಲ್ಲ ಗಾಡಿ ಕೆಡೋ ಮುಂಚೆ ನಡುಗೋದು, ಹೊಗೆ ಉಗುಳೋದು, ನಮ್ಗೂ ತಿಳಿಯೋದು,” ಎನ್ನುತ್ತಿದ್ದ ಮೇಸ್ತ್ರಿ. “ಈ ಬೋಳಿಮಗಂದವು ಚೆನ್ನಾಗಿದೀನಿ ಅಂತ್ಲೇ ಸಾಯ್ತವೆ.”

ಲ್ಯಾಪ್‌ಟಾಪಿನವನು ಮಹಡಿಯಿಂದಲೇ ಗಾಡಿಗೆ ಹೊಸ ಸಾಫ್ಟ್‌ವೇರ್ ಬಿಟ್ಟ. ಒಳಗೆ ಯಾರಾದರೂ ಇದ್ದಾರಾ ಎಂದು ಕಿಟಕಿಯಿಂದ ಬಗ್ಗಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಟಕ್ ಎಂದು ಎಲ್ಲ ಬಾಗಿಲೂ ಬಿಗಿದುಕೊಂಡವು. ಗಾಡಿಯೊಳಗಿನ ಹೆಣ್ಣುದನಿಗೆ ಹೆಂಗಸರು ಸವತಿ ಎನ್ನುತ್ತಿದ್ದರು. ಸವತಿ ಸಕ್ಕರೆಯಂತೆ ನುಡಿದಳು: “ಅಪ್ಡೇಟ್ ನಡೆಯುತ್ತಿದೆ. ದಯವಿಟ್ಟು ಕಾಯಿರಿ.” ಆಮೇಲೆ ಪರದೆ ಕಪ್ಪಾಯಿತು.

ಗಾಜಿನ ನೊರೆ ಒರೆಸಿದಾಗ ದೊಡ್ಡವಳಿಗೆ ಮೊದಲು ಕಂಡದ್ದು ಚಿಕ್ಕವಳ ಅಂಗೈ. ಒಳಗಿನಿಂದ ಗಾಜು ಬಡಿಯುತ್ತಿದ್ದಳು. ಬಡಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಗಾಡಿ ನಿಂತದ್ದು ಶೆಡ್ಡಿನ ತಗಡು ಮುಗಿಯುವಲ್ಲಿ, ನಡುಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಸುರಿಯುತ್ತಿತ್ತು. ದೊಡ್ಡವಳು ಬಾಗಿಲು ಜಗ್ಗಲು ಹೋದಳು. ಎಳೆಯಲು ಹಿಡಿಯಾದರೂ ಎಲ್ಲಿದೆ, ನುಣ್ಣಗಿನ ಬಾಗಿಲಿನಲ್ಲಿ ಉಗುರು ಜಾರಿತು. ಚಿಕ್ಕವಳು ಎದೆ ಮುಟ್ಟಿಕೊಂಡು ಸನ್ನೆ ಮಾಡಿದಳು. ಅವಳು ಬಾಯಿಗೆ ಹೊಡೆದುಕೊಳ್ಳುವ ಉಬ್ಬಸದ ಪಂಪು ಶೆಡ್ಡಿನ ಮೊಳೆಯಲ್ಲಿ ನೇತುಹಾಕಿದ ಚೀಲದಲ್ಲಿತ್ತು. ದೊಡ್ಡವಳು ಓಡಿಹೋಗಿ ತಂದಳು. ತಂದು ಏನು ಮಾಡುವುದು? ಗಾಜಿಗೆ ಒತ್ತಿ ಹಿಡಿದಳು. ಒಳಗಿನಿಂದ ಚಿಕ್ಕವಳು ಅದನ್ನೇ ನೋಡಿದಳು.

“ಸಾರ್, ಬಾಗ್ಲು ತೆಗೀರಿ. ಅವ್ಳಿಗೆ ಉಸಿರು ಕಟ್ತಿದೆ.”

ಇಸ್ತ್ರಿ ಕೀ ಕಾರ್ಡನ್ನು ಬಾಗಿಲಿಗೆ ತಾಗಿಸಿದ. ಸುಮ್ಮನಿತ್ತು. ಮತ್ತೆ ತಾಗಿಸಿದ. “ಅಪ್ಡೇಟ್ ಆಗ್ತಿದೆ. ಮುಗಿದ ಮೇಲೆ ತಾನೇ ತೆಗೆಯುತ್ತೆ, ಕಾಯಿ.”

“ಗ್ಲಾಸ್ ಒಡೀತೀನಿ ಸಾರ್.”

“ಮುಟ್ಟಿದ್ರೆ ಕೈ ಮುರೀತೀನಿ. ಮಧ್ಯದಲ್ಲಿ ಏನಾದ್ರೂ ಆದ್ರೆ ಗಾಡಿ ಪೂರ್ತಿ ಸತ್ತೋಗುತ್ತೆ.”

“ಒಳಗಿರೋಳು ಸತ್ರೆ?”

“ನಾಟಕ. ಕೆಲ್ಸ ಕದಿಯೋಕೆ ನಿಮ್ಗೆ ಒಂದು ನೆಪ ಬೇಕು. ಹಾಳಾದವು, ದಿನಾ ಒಂದು ರೋಗ.”

ಲ್ಯಾಪ್‌ಟಾಪಿನವನು ಬೆವರುತ್ತಾ ಇಳಿದು ಬಂದ. ಸರ್ವರ್ ಉತ್ತರ ಕೊಡುತ್ತಿಲ್ಲವಂತೆ. ಎಲ್ಲೋ ಇರುವ ಯಾವುದೋ ಯಂತ್ರ ಹೂಂ ಎನ್ನುವವರೆಗೆ ಇಲ್ಲಿ ಬಾಗಿಲು ತೆಗೆಯದಂತೆ. “ಒಳಗೆ ಬಾಗ್ಲಿನ ಜೇಬಿನ ತಳದಲ್ಲಿ ಒಂದು ದಾರ ಇರುತ್ತೆ,” ಎಂದ, “ಎಳೆದ್ರೆ ತೆಗೆಯುತ್ತೆ. ಇವ್ರಿಗೆ ಹೇಳಿಲ್ವಾ ಸಾರ್?”

“ಕಸ ಹೊಡೆಯೋರಿಗೆಲ್ಲ ಅದನ್ನ ಪಾಠ ಮಾಡ್ಬೇಕಾ?” ಎಂದ ಇಸ್ತ್ರಿ.

ದೊಡ್ಡವಳು ಗಾಜಿಗೆ ಬಾಯಿ ಹಚ್ಚಿ ದಾರ, ದಾರ ಎಂದು ಕಿರುಚಿದಳು. ಒಳಗೆ ಹೊರಗಿನ ಸದ್ದು ಒಂಚೂರೂ ಕೇಳಿಸದು ಎಂದು ಹೇಳಿಯೇ ಆ ಗಾಡಿ ಮಾರುತ್ತಿದ್ದರು. ಚಿಕ್ಕವಳ ಕಣ್ಣು ಮೇಲಕ್ಕೆ ಹೋದವು, ತಲೆ ಸೀಟಿಗೆ ವಾಲಿತು. ಯಾರೂ ಏನೂ ಹೇಳುವ ಮುಂಚೆ ಮೇಸ್ತ್ರಿ ಚಕ್ರ ಬಿಚ್ಚುವ ಕಬ್ಬಿಣದ ಪಾನ ತಂದು ದೊಡ್ಡವಳ ಕೈಗಿಟ್ಟ. ಅವಳು ಮನೆಯ ಸಿಟ್ಟು, ಬೀದಿಯ ಸಿಟ್ಟು ಎಲ್ಲ ಸೇರಿಸಿ ಹೊಡೆದಳು. ಎರಡನೇ ಏಟಿಗೆ ಗಾಜು ಪುಡಿಯಾಯಿತು.

ಹೊರಗೆಳೆದಾಗ ಚಿಕ್ಕವಳ ತುಟಿ ನೀಲಿಗಟ್ಟಿತ್ತು. ಪಂಪು ಬಾಯಿಗಿಟ್ಟರೆ ಎಳೆದುಕೊಳ್ಳುವ ಶಕ್ತಿಯಿಲ್ಲ.

“ಯಾವ್ದಾದ್ರೂ ಒಂದು ಗಾಡಿ ಕೊಡಿ ಸಾರ್, ಆಸ್ಪತ್ರೆಗೆ.” ತೊಳೆದು ಮಿರಮಿರ ಮಿಂಚುವ ಗಾಡಿಗಳು ಅಂಗಳದ ತುಂಬ ನಿಂತಿದ್ದವು.

“ಕಸ್ಟಮರ್ ಗಾಡೀಲಿ ಇವಳನ್ನ ಮಲಗಿಸ್ಬೇಕಾ? ತಲೆ ನೆಟ್ಟಗಿದ್ಯಾ?”

ಮೇಸ್ತ್ರಿ ಜೀಪು ತಂದ. ಪರದೆಯಿಲ್ಲ, ಹಾಡಿಲ್ಲ, ನಾಲ್ವರು ತಳ್ಳಿದರೆ ಹೊರಡುವಂಥದು. ತಳ್ಳಿದರು, ಹೊರಟಿತು. ಒಬ್ಬ ಹೆಂಗಸು ಚಿಕ್ಕವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದೊಡ್ಡವಳು ಹತ್ತಲು ಹೋದರೆ ಇಸ್ತ್ರಿ ಅಡ್ಡ ಬಂದ.

“ನೀನೆಲ್ಲಿಗೆ? ಗ್ಲಾಸ್ ಒಡೆದೋಳು ನೀನು. ಫೋನಿಗೆ ಹೇಳು, ರೆಕಾರ್ಡ್ ಮಾಡ್ಕೋತೀನಿ. ಗಾಡಿ ಸರಿ ಇತ್ತು, ನಾವೇ ಕೆಡಿಸಿದ್ವಿ ಅಂತ. ಇಲ್ಲಾಂದ್ರೆ ಪೊಲೀಸ್ ಬರ್ತಾರೆ.”

“ಹೇಳ್ತೀನಿ ಸಾರ್, ಏನ್ ಬೇಕಾದ್ರೂ ಹೇಳ್ತೀನಿ. ಮೊದ್ಲು ಅವಳನ್ನ ನೋಡ್ಕೊಂಡು ಬರ್ತೀನಿ. ನಿಮ್ ಕಾಲಿಗ್ ಬೀಳ್ತೀನಿ.” ಬಿದ್ದಳು.

“ಕಾಲು ಬಿಡೇ, ಪ್ಯಾಂಟ್ ಒದ್ದೆ ಆಗುತ್ತೆ.”

ಜೀಪು ಗೇಟು ದಾಟಿಹೋಯಿತು. ಸರ್ವಿಸ್ ಸೆಂಟರಿನ ಧಣಿಯ ಹೊಸ ಕಪ್ಪು ಗಾಡಿ ಸಂಜೆಯೊಳಗೆ ಹೊಳೆಯಬೇಕಂತೆ. ಇಸ್ತ್ರಿ ಅದರ ಮುಂದೆ ಅವಳನ್ನು ನಿಲ್ಲಿಸಿದ. ದೊಡ್ಡವಳು ತೊಳೆದಳು. ಇವನನ್ನು ಎದುರು ಹಾಕಿಕೊಂಡರೆ ಆಸ್ಪತ್ರೆಯಲ್ಲಿ ಚಿಕ್ಕವಳಿಗೇನೋ ಆಗಿಬಿಡುತ್ತದೆ ಎಂಬ ಹೆದರಿಕೆ, ಯಾಕೋ ಏನೋ, ಅವಳ ಕೈ ಕಟ್ಟಿಹಾಕಿತ್ತು. ನಾನೇ ಅಲ್ಲವೇ ಅವಳನ್ನು ಒಳಗೆ ಕೂರಿಸಿದ್ದು ಎಂದುಕೊಳ್ಳುತ್ತಾ ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದಳು. ಹೊರಮೈ ತೊಳೆದು, ಒಳಗೆ ಒರೆಸಲೆಂದು ಬಾಗಿಲು ತೆರೆದಾಗ ಸೆರಗಿನಲ್ಲಿದ್ದ ಫೋನು ಹೊಡೆದುಕೊಂಡಿತು.

“ಉಸಿರು ಬಂತು ಅಕ್ಕಾ,” ಎಂದಳು ಜೀಪಿನಲ್ಲಿ ಹೋದವಳು. “ಮೂಗಿಗೆ ಪೈಪ್ ಹಾಕಿದಾರೆ. ಕಣ್ ಬಿಟ್ಲು. ಜೀವಕ್ಕೇನೂ ಇಲ್ಲಾಂದ್ರು ಡಾಕ್ಟ್ರು.”

ದೊಡ್ಡವಳು ಒದ್ದೆ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ತೊಳೆಯುವುದನ್ನು ಬಿಟ್ಟು ಉಳಿದ ಹೆಂಗಸರು ಸುತ್ತ ಬಂದು ನಿಂತರು.

ಇಸ್ತ್ರಿಯ ಮುಖ ಅರಳಿತು. “ನೋಡಿದ್ಯಾ, ಏನೂ ಆಗ್ಲಿಲ್ಲ. ಸುಮ್ನೆ ಊರು ಒಂದು ಮಾಡಿದ್ರಿ. ಏಳು, ಈಗ ಹೇಳ್ಬಿಡು, ಮುಗಿದೋಗ್ಲಿ.” ಫೋನನ್ನು ಅವಳ ಮುಖಕ್ಕೆ ಹಿಡಿದ.

ಏನೂ ಆಗಲಿಲ್ಲವಂತೆ. ದೊಡ್ಡವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು. ಅಷ್ಟು ಹೊತ್ತು ಕಟ್ಟಿದ್ದ ಕೈ ಬಿಚ್ಚಿಕೊಂಡಿತ್ತು. ಚಿಕ್ಕವಳು ಬದುಕಿದ್ದಾಳೆ; ಇನ್ನು ಯಾರ ಹಂಗು?

“ಹೇಳ್ತೀನಿ ಸಾರ್. ಸರಿಯಾಗಿ ಹಿಡ್ಕೊಳ್ಳಿ,” ಎಂದಳು.

ಗಾಡಿ ತೊಳೆಯುವ ನೀರಿನ ಗನ್ನು ಎತ್ತಿ ಕಪ್ಪು ಗಾಡಿಯೊಳಗೆ ತೂರಿಸಿ ಗನ್ನಿನ ಕುದುರೆ ಎಳೆದಳು. ಪರದೆಯ ಸಂದಿಗೆ, ಸ್ಟೀರಿಂಗಿನ ಬುಡಕ್ಕೆ, ಗುಂಡಿಗಳ ಸಾಲಿಗೆ ನೀರು ಭರ್ರನೆ ನುಗ್ಗಿತು. ಪರದೆ ಒಮ್ಮೆ ಬೆಳಗಿ, ನಡುಗಿ, ಆರಿತು. ದೀಪಗಳು ಹೊತ್ತಿಕೊಂಡವು, ಹಾರನ್ನು ಬಾಯಿ ಬಡಿದುಕೊಂಡಿತು, ಅದೂ ನಿಂತಿತು. ಮಿದುಳನ್ನೆಲ್ಲ ಆ ಪರದೆಯ ಹಿಂದೆ ಇಟ್ಟುಕೊಂಡಿದ್ದ ಗಾಡಿ ಕಬ್ಬಿಣದ ಪೆಟ್ಟಿಗೆಯಾಯಿತು.

“ಗಾಡಿ ಸರಿ ಇತ್ತು,” ಎಂದಳು ದೊಡ್ಡವಳು ಫೋನಿನ ಕಡೆ ನೋಡಿ. “ಕೆಡಿಸಿದ್ದು ನಾನೇ. ಬೇಕಂತಲೇ.”

“ನಲ್ಲಿ ಮುಚ್ರೇ, ಸೂಳೇರಾ,” ಎಂದು ಇಸ್ತ್ರಿ ಚೀರಿದ. ನಲ್ಲಿಯ ಹತ್ತಿರವಿದ್ದ ಮುದುಕಿ ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಮಿಕ್ಕವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಗನ್ನು ಕೈಗೆತ್ತಿಕೊಂಡರು.

ದೊಡ್ಡವಳು ಪೈಪು ಎಳೆದುಕೊಂಡು ಪಕ್ಕದ ಗಾಡಿಗೆ ನಡೆದಳು. ಇಸ್ತ್ರಿಯ ಕೈ ಇಳಿಯುತ್ತಿತ್ತು.

“ಫೋನ್ ಇಳಿಸ್ಬೇಡಿ ಸಾರ್,” ಎಂದಳು. “ಇನ್ನೂ ಹೇಳಿ ಮುಗಿದಿಲ್ಲ.”